ಏನೆತ್ತೋಕೆ ಈ ಹಗ್ಗ?

ನೆಲಕ್ಕೆ ಬಿದ್ದದ್ದನ್ನು ಎತ್ತಲು ದೇವರು ಮನುಷ್ಯನಿಗೆ ಎರಡು ಕೈ ಕೊಟ್ಟ. ಕೈಗೆಟುಕದಷ್ಟು ಆಳಕ್ಕೆ ಬಿದ್ದದ್ದಕ್ಕೆ ಹಗ್ಗ ಕೊಟ್ಟ. ಹಗ್ಗ ಹೊಸೆಯುವ ಹಗ್ಗದಮ್ಮನ ಮಾವ, ಅವಳ ಗಂಡನ ತಂದೆ, ಹೀಗೆ ಹೇಳುತ್ತಿದ್ದರಂತೆ. ಅವರು ಹೋಗಿ ಎಷ್ಟೋ ಕಾಲವಾಗಿತ್ತು. ಅವರು ಕಟ್ಟಿದ ಉದ್ದನೆಯ ಚಪ್ಪರ ಮಾತ್ರ ಹಾಗೇ ನಿಂತಿತ್ತು. ಒಂದು ತುದಿಯಲ್ಲಿ ಮೂರು ಕೊಕ್ಕೆಗಳ ರಾಟೆ, ಇನ್ನೊಂದು ತುದಿಯಲ್ಲಿ ಭಾರ ನೋಡುವ ತೊಲೆ, ನಡುವೆ ಎಂಬತ್ತು ಹೆಜ್ಜೆ ಮಣ್ಣಿನ ನೆಲ. ಮೂರು ತಲೆಮಾರು ಹಿಂದುಹಿಂದಕ್ಕೆ ನಡೆದು ಆ ನೆಲ ಕಾಲಡಿಯಲ್ಲಿ ಕನ್ನಡಿಯಂತೆ ನುಣುಪಾಗಿತ್ತು.

ಹಗ್ಗ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಒಬ್ಬರು ರಾಟೆ ತಿರುಗಿಸಬೇಕು. ಇನ್ನೊಬ್ಬರು ಸೊಂಟಕ್ಕೆ ನಾರಿನ ಕಂತೆ ಸುತ್ತಿಕೊಂಡು, ನಾರು ಬಿಡುತ್ತಾ ಬಿಡುತ್ತಾ ಹಿಂದಕ್ಕೆ ನಡೆಯಬೇಕು. ಇಬ್ಬರ ಮುಖ ಎದುರುಬದುರು. ಮೊದಲ ಸುತ್ತು ತಿರುಗುವ ಮುಂಚೆ ರಾಟೆಯ ಮುಂದೆ ಕೂತವರು ಕೇಳಲೇಬೇಕು: ಏನೆತ್ತೋಕೆ? ಎಷ್ಟು ಭಾರ? ಎಲ್ಲಿಂದ ಎಲ್ಲಿಗೆ? ನಾರು ಬಿಡುವವರು ಗಟ್ಟಿಯಾಗಿ ಉತ್ತರ ಹೇಳಬೇಕು. ಉತ್ತರ ಬಾರದೆ ರಾಟೆ ತಿರುಗುವಂತಿಲ್ಲ. ಅದರಲ್ಲಿ ದೊಡ್ಡ ಗುಟ್ಟೇನೂ ಇರಲಿಲ್ಲ. ಎಷ್ಟು ಎಳೆ, ಎಷ್ಟು ದಪ್ಪ, ಎಷ್ಟು ಉದ್ದ ಎಂಬ ಲೆಕ್ಕ ಅದರಿಂದಲೇ ಸಿಗುತ್ತಿತ್ತು. ಆದರೆ ದಿನಾ ಹೇಳಿದ ಮಾತು ದಿನ ಕಳೆದಂತೆ ಪ್ರಾರ್ಥನೆಯಾಗುತ್ತದೆ ನೋಡಿ, ಹಾಗಾಗಿತ್ತು. “ಒಂದು ಕೊಡ ನೀರು, ಬಾವಿ ತಳದಿಂದ ಕಟ್ಟೆಗೆ.” “ಒಂದು ಮಗು, ನೆಲದಿಂದ ತೊಟ್ಟಿಲಿಗೆ.” ಹಗ್ಗ ಕೇಳಿ ಬಂದ ಗಿರಾಕಿಗೂ ಅದೇ ಪ್ರಶ್ನೆ. ದೋಣಿಯವನು ಒಮ್ಮೆ, “ಹೆಂಡತಿ ತವರಿಗೆ ಹೋಗ್ತೀನಿ ಅಂತಿದಾಳೆ, ಕಟ್ಟಿ ಹಾಕೋಕೆ,” ಎಂದಾಗ, “ಹಾಗಾದ್ರೆ ನಿನ್ನನ್ನ ದಡಕ್ಕೆ ಎಳೆಯೋಕೆ ಇನ್ನೊಂದು ಹಗ್ಗಾನೂ ಬೇಕಾಗುತ್ತೆ,” ಎಂದು ಹಗ್ಗದಮ್ಮ ನಕ್ಕಿದ್ದಳು.

ಅದು ಮಗ ಬದುಕಿದ್ದಾಗಿನ ನಗು.

ಮಗ ಸತ್ತು ನಾಲ್ಕು ವರ್ಷವಾಗಿತ್ತು. ಲಾರಿ ನಿಲ್ದಾಣದ ಪಕ್ಕದ ಗೋಡೌನಿಗೆ ಹಗ್ಗದ ಸುರುಳಿ ಕೊಡಲು ಹೋದವನು, ಒಳಗೆ ಕಳ್ಳತನ ಮಾಡುತ್ತಿದ್ದ ಹಮಾಲಿಯ ಎದುರಿಗೇ ಸಿಕ್ಕಿಬಿದ್ದ. ಮೂಟೆ ಎತ್ತುವ ಕಬ್ಬಿಣದ ಕೊಕ್ಕೆಯಲ್ಲಿ ಹಮಾಲಿ ಮೊದಲು ಕಾವಲುಗಾರನನ್ನು ಹೊಡೆದಿದ್ದ, ಆಮೇಲೆ ಇವನನ್ನು. ಇಬ್ಬರೂ ಅಲ್ಲೇ ಹೋದರು. ಕೋರ್ಟಿನಿಂದ ಕೋರ್ಟಿಗೆ ಹತ್ತಿ, ಕೊನೆಗೆ ಹಮಾಲಿಗೆ ನೇಣು ಎಂದು ತೀರ್ಮಾನವಾಯಿತು. ಅವನನ್ನು ಇಟ್ಟಿದ್ದ ಜೈಲು ಚಪ್ಪರದ ಹಿಂದಿನ ಬೀದಿಯಲ್ಲೇ ಇತ್ತು. ಹಗ್ಗದಮ್ಮ ರಾಟೆಯ ಮುಂದೆ ಕೂತರೆ ಅದರ ಗೋಡೆ ಕಾಣುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಜೈಲಿನ ಗುಮಾಸ್ತ ಚಪ್ಪರಕ್ಕೆ ಬಂದ. ಬಾವಿಯ ಹಗ್ಗ, ಬಟ್ಟೆ ಒಣಗಿಸುವ ಹಗ್ಗ ಎಂದು ವರ್ಷಕ್ಕೆರಡು ಸಲ ಬರುವವನೇ.

“ಅಮ್ಮಾ, ಇದ್ದೀರಾ?”

“ಇರದೆ ಎಲ್ಲಿಗೆ ಹೋಗ್ಲಪ್ಪಾ. ಬಾ, ಆ ನಾರಿನ ಕಂತೆ ಮೇಲೆ ಕೂತ್ಕೋ. ಚುಚ್ಚಿದ್ರೆ ನನ್ನ ಬೈಬೇಡ.”

ಗುಮಾಸ್ತ ಕೂರಲಿಲ್ಲ. ಕಂಕುಳಲ್ಲಿದ್ದ ಫೈಲು ತೆಗೆದ, ಮತ್ತೆ ಕಂಕುಳಿಗೆ ಇಟ್ಟುಕೊಂಡ. “ಒಂದು ಹಗ್ಗ ಬೇಕಿತ್ತು.”

“ಬಾವಿ ಹಗ್ಗ ಹೋದ ವರ್ಷ ತಾನೇ ಒಯ್ದಿದ್ದು? ಅಷ್ಟು ಬೇಗ ಸವೀತಾ?”

“ಬಾವೀದಲ್ಲಮ್ಮಾ.” ಅವನು ಜೈಲಿನ ಗೋಡೆಯ ಕಡೆ ನೋಡಿದ. “ಇನ್ನು ಹತ್ತೊಂಬತ್ತು ದಿನಕ್ಕೆ ಆ ಹಮಾಲಿಗೆ ದಿನ ಗೊತ್ತಾಗಿದೆ. ಉಗ್ರಾಣದಲ್ಲಿ ಒಂದು ಹಗ್ಗ ಇತ್ತು. ಮೆತ್ತಗಿರಲಿ ಅಂತ ಮೇಣ, ಬೆಣ್ಣೆ ಸವರಿ ಇಟ್ಟಿದ್ರು. ಇಲಿ ತಿಂದುಬಿಟ್ಟಿವೆ.”

“ಇಲಿಗಳಿಗೆ ಬುದ್ಧಿ ಇದೆ,” ಎಂದಳು ಹಗ್ಗದಮ್ಮ.

“ಹಾಗನ್ಬೇಡಿ. ಬೇರೆ ಕಡೆಯಿಂದ ತರಿಸಬಹುದಿತ್ತು. ಸಾಹೇಬರೇ ಹೇಳಿದ್ರು, ಆ ತಾಯಿ ಹೊಟ್ಟೆ ಉರಿದಿದೆ, ಆಕೆ ಕೈಯಿಂದಲೇ ಆಗಲಿ, ಸ್ವಲ್ಪ ತಣ್ಣಗಾಗುತ್ತೆ ಅಂತ. ನಿಮ್ಮ ಮೇಲಿನ ಮರ್ಯಾದೆಯಿಂದಲೇ ಹೇಳಿದ್ದು.”

ಚಪ್ಪರದ ಆ ತುದಿಯಲ್ಲಿ ನಾರು ಬಿಡಿಸುತ್ತಿದ್ದ ಸೊಸೆಯ ಕೈ ನಿಂತಿತು. ಹಗ್ಗದಮ್ಮ ಗುಮಾಸ್ತನ ಮುಖ ನೋಡಿ, ಬೇರೆ ಯಾವುದೇ ಗಿರಾಕಿಯನ್ನು ಕೇಳುವ ಹಾಗೆಯೇ ಕೇಳಿದಳು.

“ಏನೆತ್ತೋಕೆ?”

“ಅಮ್ಮಾ, ಗೊತ್ತಿದ್ದೂ ಕೇಳಿದ್ರೆ...”

“ಗೊತ್ತಿದ್ರೂ ಕೇಳ್ತೀವಿ. ದೋಣಿಯವನನ್ನೂ ಕೇಳ್ತೀವಿ. ಏನೆತ್ತೋಕೆ?”

ಗುಮಾಸ್ತ ಫೈಲು ನೋಡಿದ. ಅದರಲ್ಲಿ ಉತ್ತರ ಇರಲಿಲ್ಲ.

“ಎತ್ತದ ಹಗ್ಗ ನಮ್ಮಲ್ಲಿ ಹೊಸೆಯೋದಿಲ್ಲಪ್ಪಾ. ಸಾಹೇಬರಿಗೆ ಹೇಳು,” ಎಂದು ಹಗ್ಗದಮ್ಮ ರಾಟೆಯ ಕಡೆ ತಿರುಗಿದಳು.

“ನಾನು ಹೊಸೀತೀನಿ.” ಸೊಸೆ ಎದ್ದು ಬಂದಿದ್ದಳು. ಮಾತಿನಲ್ಲಿ ಜೋರಿರಲಿಲ್ಲ, ಅದಕ್ಕೇ ಗುಮಾಸ್ತ ಒಂದು ಹೆಜ್ಜೆ ಹಿಂದೆ ಸರಿದ. “ಕಾಗದ ಕೊಟ್ಟು ಹೋಗಿ. ನಾಡಿದ್ದು ಬನ್ನಿ.”

ಕಾಗದ ಅವಳ ಕೈಗೆ ಹೋಯಿತು. ಗುಮಾಸ್ತ ಬದುಕಿದೆಯಾ ಬಡಜೀವವೇ ಎಂಬಂತೆ ಬೀದಿಗಿಳಿದ.

ಅಂದು ರಾತ್ರಿ ಊಟವಾಯಿತು. ಪಾತ್ರೆ ತೊಳೆದಿಟ್ಟು ಸೊಸೆಯೇ ಮಾತು ಶುರು ಮಾಡಿದಳು.

“ಅವರು ನಿಮ್ಮ ಹೊಟ್ಟೇಲಿ ಹುಟ್ಟಿದ ಮಗ ಅತ್ತೆ.”

“ಅದನ್ನ ನೀನು ನನಗೆ ಹೇಳಿಕೊಡ್ತೀಯಾ?”

“ಮತ್ತೆ? ಅವನು ಸಾಯೋದು ಬೇಡ್ವಾ ನಿಮಗೆ?”

ಹಗ್ಗದಮ್ಮ ತನ್ನ ಅಂಗೈ ನೋಡಿಕೊಂಡಳು. ನಾರು ಎಳೆದೆಳೆದು ಅದರ ರೇಖೆಗಳೇ ಅಳಿಸಿದ್ದವು. “ಸುಳ್ಳು ಹೇಳಲ್ಲ ತಾಯಿ. ಆ ಹಮಾಲಿ ಅಂದ್ರೆ ನನ್ನ ಮೈ ಈಗಲೂ ಉರಿಯುತ್ತೆ. ಅವನನ್ನ ಯಾಕೆ ಹುಟ್ಟಿಸಿದೆ ಅಂತ ದಿನಾ ದೇವರ ಹತ್ರ ಜಗಳ ಆಡ್ತೀನಿ. ಕ್ಷಮಿಸೋ ಅಷ್ಟು ದೊಡ್ಡ ಮನಸ್ಸಿನವಳಲ್ಲ ನಾನು. ಆದ್ರೆ ನಿನ್ನ ಮಾವ ಒಂದು ಸಲ ಈ ಹಗ್ಗ ಹೊಸೆದ್ರು. ನಿನಗೆ ಅದು ಗೊತ್ತಿಲ್ಲ.”

ಸೊಸೆ ತಲೆಯೆತ್ತಿದಳು.

“ಇಪ್ಪತ್ತೊಂದು ವರ್ಷ ಆಯ್ತು. ಆಗಲೂ ಇದೇ ಜೈಲು, ಬೇರೆ ಸಾಹೇಬರು. ‘ಇದೊಂದು ಆಗಲಿ, ಇನ್ನು ಈ ಸುತ್ತಮುತ್ತ ಯಾರೂ ಯಾರ ಮೇಲೂ ಕೈ ಎತ್ತೋದಿಲ್ಲ’ ಅಂದ್ರು. ನಾವೂ ನಂಬಿದ್ವಿ. ನಾನು ರಾಟೆ ತಿರುಗಿಸಿದೆ. ಕೇಳೋದನ್ನ ಕೇಳಲಿಲ್ಲ. ಬಾಯಿ ಬರಲಿಲ್ಲ. ಅದೊಂದೇ ಸಲ ಕೇಳದೆ ತಿರುಗಿಸಿದ್ದು.”

“ಆಮೇಲೆ?”

“ಹಗ್ಗ ಆದ ಮೇಲೆ ಭಾರ ನೋಡಬೇಕಲ್ಲ. ನಿನ್ನ ಮಾವ ಆ ಮನುಷ್ಯನ ತೂಕದಷ್ಟೇ ಮರಳು ಚೀಲಕ್ಕೆ ತುಂಬಿ ತೊಲೆಗೆ ಕಟ್ಟಿ ಬಿಟ್ರು. ಹಗ್ಗ ಗಟ್ಟಿಯಾಗೇ ಇತ್ತು. ಚೀಲ ನೇತಾಡ್ತಾ ನೇತಾಡ್ತಾ ನಮ್ಮ ಕಡೆ ತಿರುಗಿ ನಿಂತ್ಕೊಳ್ತು. ಬರೀ ಚೀಲ. ಅದಕ್ಕೆ ಮುಖ ಎಲ್ಲಿಂದ ಬರಬೇಕು? ಆದ್ರೂ ನಿನ್ನ ಮಾವನಿಗೆ ಅದನ್ನ ಬಿಚ್ಚೋಕೆ ಆಗಲಿಲ್ಲ. ನಾನೇ ಬಿಚ್ಚಿದೆ. ಅವತ್ತಿಂದ ಸಾಯೋವರೆಗೆ ಅವರು ಚೀಲ ಕಟ್ಟಲಿಲ್ಲ. ಹಗ್ಗ ನೋಡಬೇಕಾದ್ರೆ ತಾವೇ ತೊಲೆಗೆ ಜೋತು ಬೀಳ್ತಿದ್ರು. ಜನ ನಕ್ಕರು, ಮುದುಕನಿಗೆ ಜೋಕಾಲಿ ಹುಚ್ಚು ಅಂತ.”

ಮಾವ ತೊಲೆಗೆ ಜೋತು ಬಿದ್ದದ್ದನ್ನು ಅವಳೂ ಮದುವೆಯಾಗಿ ಬಂದ ಹೊಸದರಲ್ಲಿ ಕಂಡಿದ್ದಳು. ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಿದ್ದಳು.

“ಈಗ ಲೆಕ್ಕ ಹಾಕು,” ಎಂದಳು ಹಗ್ಗದಮ್ಮ. “ಆ ಹಮಾಲಿ ಹುಟ್ಟಿ ಬೆಳೆದಿದ್ದು ಎಲ್ಲಿ? ಜೈಲಿನ ಹಿಂದಿನ ಗಲ್ಲಿ. ಆ ನೇಣಿನ ದಿನ ಅವನಿಗೆ ಐದು ವರ್ಷ. ಗಲ್ಲೀಲಿದ್ದ ಮಕ್ಕಳೆಲ್ಲಾ ವಾರಗಟ್ಟಲೆ ನೇಣಿನ ಆಟ ಆಡಿದ್ವು. ಕುತ್ತಿಗೆಗೆ ಹಾಕ್ಕೊಳ್ಳೋಕೆ ನಮ್ಮ ಚಪ್ಪರದ ತುಂಡು ಹಗ್ಗಾನೇ ಕದ್ದು ಒಯ್ತಿದ್ವು. ಅವನೂ ಬರ್ತಿದ್ದ, ಒಂದು ಸಲ ಗದರಿಸಿ ಓಡಿಸಿದ್ದೀನಿ. ಆ ಹಗ್ಗ ಲೋಕಾನೆಲ್ಲಾ ಹೆದರಿಸುತ್ತೆ ಅಂದಿದ್ರಲ್ಲ, ಗೋಡೆ ಪಕ್ಕದಲ್ಲೇ ಇದ್ದ ಇವನನ್ನ ಹೆದರಿಸಲಿಲ್ಲವಲ್ಲ? ಕೊಕ್ಕೆ ಎತ್ತಿದ ಗಳಿಗೇಲಿ ಅವನಿಗೆ ನಮ್ಮ ಹಗ್ಗದ ನೆನಪು ಬಂತಾ? ಬಂದಿದ್ರೆ ನನ್ನ ಮಗ ಇವತ್ತು ಇಲ್ಲಿ ಕೂತು ಉಣ್ತಿದ್ದ.”

“ನನಗೆ ಲೋಕ ಬೇಡ ಅತ್ತೆ,” ಎಂದಳು ಸೊಸೆ. “ಲೋಕ ಹೆದರಲಿ ಬಿಡಲಿ. ನನಗೆ ನನ್ನವರಿಗೆ ಮಾಡಿದ್ದಕ್ಕೆ ಉತ್ತರ ಬೇಕು.”

ಹಗ್ಗದಮ್ಮ ಎದ್ದು ದೀಪ ಆರಿಸಿದಳು.

ಮರುದಿನಕ್ಕೆ ಸುದ್ದಿ ಊರೆಲ್ಲಾ ಸುತ್ತಿತ್ತು. ರಾಟೆಯ ಕೊಕ್ಕೆ ಬಡಿದುಕೊಡುವ ಕಮ್ಮಾರ ಬೀದಿಯಲ್ಲಿ ನಿಂತೇ ಕೂಗಿದ: “ಏನು ಹಗ್ಗದಮ್ಮಾ, ಹಮಾಲಿ ಮೇಲೆ ಕರುಣೆ ಬಂತಂತೆ? ದತ್ತು ತಗೊಳ್ಳೋ ಯೋಚನೆನಾ? ಆ ಹಗ್ಗ ಆಗಲೇಬೇಕು!”

“ತಗೊಂಡ್ರೆ ನಿನ್ನನ್ನೇ ಅವನಿಗೆ ಚಿಕ್ಕಪ್ಪ ಮಾಡ್ತೀನಿ, ಒಳಗೆ ಬಾ,” ಎಂದಳು ಹಗ್ಗದಮ್ಮ. ಕಮ್ಮಾರ ಒಳಗೆ ಬರಲಿಲ್ಲ. ಹಾಲಿನವಳು ಬಾಗಿಲಲ್ಲೇ ಪಾತ್ರೆ ಇಟ್ಟು, “ಹೆತ್ತವಳಿಗೇ ಇಲ್ಲದ ಸಿಟ್ಟು ನಮಗ್ಯಾಕೆ,” ಎಂದು ಗೋಡೆಗೆ ಹೇಳಿ ಹೋದಳು.

ಸೊಸೆ ಬೆಳಿಗ್ಗೆಯೇ ಒಳ್ಳೆಯ ನಾರು ಆರಿಸಿ, ನೀರು ಚಿಮುಕಿಸಿ, ಬಾಚಿ ಸಿದ್ಧಮಾಡಿದ್ದಳು. ಸೊಂಟಕ್ಕೆ ಕಂತೆ ಸುತ್ತಿಕೊಂಡಳು. ನಾರಿನ ತುದಿಯನ್ನು ರಾಟೆಯ ಕೊಕ್ಕೆಗೆ ಸಿಕ್ಕಿಸಿದಳು. ಆಮೇಲೆ ನಿಂತಳು. ರಾಟೆಯ ಹಿಡಿ ಅಲ್ಲಿ, ತಾನು ಇಲ್ಲಿ. ಹಿಡಿಯನ್ನು ಜೋರಾಗಿ ತಿರುಗಿಸಿ ಓಡಿಬಂದು ನಾರು ಹಿಡಿದಳು. ಎರಡು ಸುತ್ತಿಗೆ ರಾಟೆ ನಿಂತಿತು. ಇನ್ನೊಮ್ಮೆ ಓಡಿದಳು. ನಾರು ತೊಡರಿಕೊಂಡು ಗಂಟಾಯಿತು. ಹಗ್ಗದಮ್ಮ ಮೂಲೆಯಲ್ಲಿ ಕೂತು ನೋಡುತ್ತಿದ್ದಳು. ಬೇಡ ಎನ್ನಲಿಲ್ಲ, ಏಳಲೂ ಇಲ್ಲ.

ಸೊಸೆ ಕಂತೆಯನ್ನು ಸೊಂಟದಲ್ಲೇ ಇಟ್ಟುಕೊಂಡು ಬೀದಿಗೆ ಹೊರಟಳು.

ಮೊದಲು ಕಮ್ಮಾರ. “ಅಣ್ಣಾ, ಬಂದು ಒಂದು ಗಂಟೆ ರಾಟೆ ತಿರುಗಿಸಿಕೊಡಿ. ನೀವೇ ಹೇಳಿದ್ರಲ್ಲ, ಆ ಹಗ್ಗ ಆಗಲೇಬೇಕು ಅಂತ.”

ಕಮ್ಮಾರ ಸುತ್ತಿಗೆ ಕೆಳಗಿಟ್ಟ. ಬಲ ಭುಜ ಹಿಡಿದುಕೊಂಡ. “ಆಗಲೇಬೇಕಮ್ಮಾ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನನಗೆ ಈ ಭುಜ, ಎರಡು ದಿನದಿಂದ, ಮೇಲೆತ್ತೋಕೇ ಆಗ್ತಿಲ್ಲ.”

ಅವನ ಕುಲುಮೆಯಲ್ಲಿ ಆಗಷ್ಟೇ ಬಡಿದ ಕಬ್ಬಿಣ ಕೆಂಪಗೆ ಹೊಳೆಯುತ್ತಿತ್ತು.

ದೋಣಿಯವನಿಗೆ ಆ ದಿನವೇ ದೋಣಿಯ ತಳಕ್ಕೆ ಕೀಲೆಣ್ಣೆ ಬಳಿಯಬೇಕಿತ್ತು. ಹಾಲಿನವಳು, “ನಮ್ಮ ಮನೇಲಿ ಬಸುರಿ ಇದ್ದಾಳಲ್ಲ, ನಾನು ಅದನ್ನೆಲ್ಲಾ ಮುಟ್ಟಬಾರದು,” ಎಂದಳು. ಕೊಲೆಯಾದ ಕಾವಲುಗಾರನ ತಮ್ಮ ಮಾತ್ರ ನಿಜ ಹೇಳಿದ: “ಅವನು ಸಾಯಲಿ ಅಕ್ಕಾ. ದಿನಾ ಹರಕೆ ಹೊರ್ತೀನಿ. ಆದ್ರೆ ನನ್ನ ಕೈಯಿಂದ ಬೇಡ. ಈ ಕೈಯಲ್ಲಿ ಮಕ್ಕಳಿಗೆ ತುತ್ತು ತಿನ್ನಿಸ್ತೀನಿ.”

ಸೊಸೆ ತಿರುಗಿ ಬಂದಾಗ ಬಿಸಿಲು ನೆತ್ತಿಗೇರಿತ್ತು. ಮುಖ ಕುಲುಮೆಯ ಕಬ್ಬಿಣವಾಗಿತ್ತು. “ಊರಲ್ಲಿ ಎಲ್ಲರಿಗೂ ಹಗ್ಗ ಬೇಕು ಅತ್ತೆ. ಎಲ್ಲರಿಗೂ ಭುಜ ನೋವು.”

ಹಗ್ಗದಮ್ಮ ಎದ್ದಳು. ಮಂಡಿ ಹಿಡಿದುಕೊಂಡು ನಿಧಾನವಾಗಿ ನಡೆದು, ರಾಟೆಯ ಮುಂದಿನ ಮಣೆಯ ಮೇಲೆ ಕೂತಳು. ಹಿಡಿಗೆ ಕೈ ಹಾಕಿದಳು.

“ನಾರು ಸಿಕ್ಕಿಸು. ನಾನು ತಿರುಗಿಸ್ತೀನಿ.”

ಸೊಸೆ ನಂಬದೆ ನೋಡಿದಳು.

“ಹೂಂ, ತಿರುಗಿಸ್ತೀನಿ. ನನ್ನ ಮಗನ ಹೆಂಡತಿ ನೀನು. ನಿನ್ನ ಎದುರು ರಾಟೆಗೆ ಕೂರೋಕೆ ಊರಲ್ಲಿ ಯಾರೂ ಇಲ್ಲ ಅಂದ್ರೆ ನಾನಿರಬೇಕು. ಆದ್ರೆ ಈ ಸಲ ಕೇಳದೆ ತಿರುಗಿಸಲ್ಲ.”

ಸೊಸೆ ನಾರು ಸಿಕ್ಕಿಸಿದಳು. ಎರಡು ಹೆಜ್ಜೆ ಹಿಂದೆ ಹೋಗಿ ನಿಂತಳು. ಅತ್ತೆ ಸೊಸೆ ಎದುರುಬದುರಾದರು.

“ಏನೆತ್ತೋಕೆ?”

“ನ್ಯಾಯ.”

“ಎಷ್ಟು ಭಾರ?”

ಸೊಸೆ ಮಡಿಲಿನಿಂದ ಗುಮಾಸ್ತನ ಕಾಗದ ತೆಗೆದಳು. ಅದರಲ್ಲಿ ಬರೆದದ್ದನ್ನು ಆಗಲೇ ಹತ್ತು ಸಲ ಓದಿದ್ದಳು, ಗಟ್ಟಿಯಾಗಿ ಓದಿರಲಿಲ್ಲ. “ಎತ್ತರ ಐದಡಿ ನಾಲ್ಕಂಗುಲ. ತೂಕ ಐವತ್ತೊಂದು ಕಿಲೋ.” ಆ ಅಂಕೆಯ ಮೇಲೆ ಬೆರಳಿಟ್ಟಳು. “ಇಷ್ಟೇನಾ ಅವನು? ಕೋರ್ಟಿನಲ್ಲಿ ನೋಡಿದಾಗ ಗೂಳಿ ಹಾಗಿದ್ದ. ನಮ್ಮವರು ಅರವತ್ತೆಂಟು ಕಿಲೋ ಇದ್ರು.”

“ಐವತ್ತೊಂದು,” ಎಂದಳು ಹಗ್ಗದಮ್ಮ, ಯಾವ ಗಿರಾಕಿಯ ಭಾರವನ್ನಾದರೂ ತಿರುಗಿ ಹೇಳಿಕೊಳ್ಳುವಂತೆ. “ಎಲ್ಲಿಂದ ಎಲ್ಲಿಗೆ?”

ಉತ್ತರ ಸುಲಭವಿತ್ತು. ನೇಣುಗಂಬದ ಹಲಗೆಯಿಂದ ಕೆಳಗಿನ ಗುಂಡಿಗೆ. ಅದೂ ಕಾಗದದಲ್ಲಿತ್ತು, ಇಷ್ಟು ಅಡಿ ಎಂದು. ಸೊಸೆ ಬಾಯಿ ತೆರೆದಳು. ಕಾಗದದ ಮಾತು ಬರಲಿಲ್ಲ.

“ಗೋಡೌನಿನ ನೆಲದಿಂದ ಮನೆಗೆ,” ಎಂದಳು. “ಅವರನ್ನ ಎತ್ತೋಕೆ ಅತ್ತೆ. ಅಲ್ಲಿ ಅಂಗಾತ ಬಿದ್ದಿದ್ರು. ಚಪ್ಪಲಿ ಒಂದು ಕಾಲಲ್ಲಿತ್ತು. ಅಲ್ಲಿಂದ ಎತ್ತಿ ಇಲ್ಲಿ ತಂದು ಕೂರಿಸೋಕೆ. ಅದಕ್ಕೆ ಬೇಕು ನನಗೆ ಹಗ್ಗ.”

ರಾಟೆಯ ಹಿಡಿಯ ಮೇಲಿದ್ದ ಮುದಿ ಕೈ ಕೆಳಗಿಳಿಯಿತು.

“ಅಷ್ಟು ಗಟ್ಟಿ ಹಗ್ಗ ನನಗೆ ಹೊಸೆಯೋಕೆ ಬರಲ್ಲ ತಾಯಿ,” ಎಂದಳು ಹಗ್ಗದಮ್ಮ. “ನಿನ್ನ ಮಾವನಿಗೂ ಬರ್ತಿರಲಿಲ್ಲ. ಅವರಪ್ಪನಿಗೂ ಬರ್ತಿರಲಿಲ್ಲ. ಬರೋ ಹಾಗಿದ್ರೆ ನಾಲ್ಕು ವರ್ಷದಿಂದ ನಾನು ಮಲಗ್ತಾ ಇರಲಿಲ್ಲ. ಈ ಎಂಬತ್ತು ಹೆಜ್ಜೆ ಹಿಂದೆ ಹಿಂದೆ ನಡೀತಾನೇ ಇರ್ತಿದ್ದೆ.”

ಸೊಸೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ಅತ್ತೆಯ ಎದುರಿಗೆ ಅತ್ತಳು. ಹಗ್ಗದಮ್ಮ ಹತ್ತಿರ ಹೋಗಲಿಲ್ಲ. ಸೊಂಟದ ಕಂತೆಯಿಂದ ರಾಟೆಯವರೆಗೆ ಎಳೆದಿದ್ದ ನಾರಿನ ಎಳೆಯ ಮೇಲೆ ಕೈಯಿಟ್ಟು ಕೂತಿದ್ದಳು. ಆ ತುದಿಯ ನಡುಕ ಈ ತುದಿಗೆ ತಿಳಿಯುತ್ತಿತ್ತು.

ಮೂರನೆಯ ದಿನ ಗುಮಾಸ್ತ ಬಂದಾಗ ಚಪ್ಪರದ ಮುಂದೆ ಜನ ಸೇರಿದ್ದರು. ಕಮ್ಮಾರನೂ ಇದ್ದ, ಭುಜಕ್ಕೆ ಬಟ್ಟೆ ಸುತ್ತಿಕೊಂಡಿದ್ದ, ಎಡ ಭುಜಕ್ಕೆ.

“ಆಯ್ತಾ ತಾಯಿ?” ಎಂದ ಗುಮಾಸ್ತ ಸೊಸೆಗೆ.

“ಇಲ್ಲ. ಆಗೋದಿಲ್ಲ,” ಎಂದಳು ಸೊಸೆ.

ಗುಂಪಿನಲ್ಲಿ ಗುಸುಗುಸು ಎದ್ದಿತು. ಗುಮಾಸ್ತ ಬೆವರು ಒರೆಸಿಕೊಂಡ. “ನೋಡಿ, ನೀವು ಮಾಡದಿದ್ರೆ ಬೇರೆ ಊರಿಂದ ಬರುತ್ತೆ. ಅವನು ಸಾಯೋದೇನೂ ತಪ್ಪಲ್ಲ. ಸುಮ್ನೆ ನಿಮ್ಮ ಹಟದಿಂದ ಏನು ಬಂತು?”

“ಬರಲಿ,” ಎಂದಳು ಹಗ್ಗದಮ್ಮ. “ಅಲ್ಲಿ ಹೊಸೆಯೋರಿಗೂ ಬಾಯಿ ಇದೆ. ಅವರೂ ಕೇಳಬಹುದು. ಕೇಳದೆ ಕೊಟ್ರೆ ಅದು ಅವರಿಗೂ ದೇವರಿಗೂ ಬಿಟ್ಟಿದ್ದು. ನನ್ನ ಚಪ್ಪರಕ್ಕೆ ಬಂದು ಕೇಳಿದ್ದಕ್ಕೆ ನನ್ನ ಉತ್ತರ ಇದು.”

“ಹಾಗಾದ್ರೆ ಈ ಕಾಗದದಲ್ಲೇ ಬರೆದುಕೊಡಿ. ಯಾಕೆ ಕೊಟ್ಟಿಲ್ಲ ಅಂತ ಕಾರಣ ಬರೀಬೇಕು, ಇಲ್ಲಿ ಜಾಗ ಬಿಟ್ಟಿದೆ.” ಅವನು ದನಿ ತಗ್ಗಿಸಿದ. “ನನ್ನ ಮಾತು ಕೇಳಿ, ನಾರಿನ ಅಭಾವ ಅಂತ ಬರೆದುಬಿಡಿ. ಯಾರಿಗೂ ತೊಂದರೆಯಿಲ್ಲ. ಸಾಹೇಬರಿಗೂ ಬೇಜಾರಾಗಲ್ಲ.”

ಹಗ್ಗದಮ್ಮ ಚಪ್ಪರದೊಳಗೆ ಕೈ ತೋರಿಸಿದಳು. ಕಂತೆಯ ಮೇಲೆ ಕಂತೆ, ತೊಲೆ ಮುಟ್ಟುವಷ್ಟು ನಾರು ಒಟ್ಟಿತ್ತು. “ಇದನ್ನ ನೋಡ್ತಾ ಅಭಾವ ಅಂತ ಹೇಗಪ್ಪಾ ಬರೆಯೋದು? ಮಗ ಸತ್ತ ಮನೇಲಿ ನಿಂತು ಸುಳ್ಳು ಹೇಳಿಸ್ತೀಯಾ?”

ಸೊಸೆ ಅವನ ಕೈಯಿಂದ ಪೆನ್ನು ತೆಗೆದುಕೊಂಡಳು. ಕಾಗದವನ್ನು ರಾಟೆಯ ಹಲಗೆಯ ಮೇಲಿಟ್ಟು, ದುಂಡಗೆ, ಒತ್ತಿ ಒತ್ತಿ ಬರೆದಳು. ಬರೆದದ್ದನ್ನು ಗುಂಪಿಗೆ ಕೇಳುವ ಹಾಗೆ ಓದಿದಳು:

“ಈ ಹಗ್ಗ ಏನನ್ನು ಎತ್ತಲು ಎಂದು ಕೇಳಲಾಯಿತು. ನಿಮ್ಮ ಕಚೇರಿಯಿಂದ ಉತ್ತರ ಬಂದಿಲ್ಲ. ಸತ್ತವನ ಹೆಂಡತಿಯಾದ ನನ್ನನ್ನೂ ಕೇಳಲಾಯಿತು. ನನ್ನಲ್ಲಿದ್ದ ಉತ್ತರಕ್ಕೆ ಸಾಕಾಗುವ ಹಗ್ಗ ಇಲ್ಲ. ಆದ್ದರಿಂದ ಹೊಸೆದಿಲ್ಲ. ನಾರು ಬೇಕಾದಷ್ಟಿದೆ.”

ಕೆಳಗೆ ತನ್ನ ಸಹಿ ಹಾಕಿ ಅತ್ತೆಗೆ ಕೊಟ್ಟಳು. ಹಗ್ಗದಮ್ಮ ಹೆಬ್ಬೆಟ್ಟಿಗೆ ಮಸಿ ಸವರಿ ಒತ್ತಿದಳು. ರೇಖೆಯಿಲ್ಲದ ಹೆಬ್ಬೆಟ್ಟು ಕಾಗದದ ಮೇಲೆ ಬರೀ ಕಪ್ಪು ಚುಕ್ಕೆಯಾಗಿ ಮೂಡಿತು.

ಗುಮಾಸ್ತ ಮಸಿ ಒಣಗುವವರೆಗೂ ಕಾಗದ ಹಿಡಿದು ನಿಂತಿದ್ದ. “ಇದನ್ನ ಓದಿದ್ರೆ ಇನ್ನು ಒಂದು ಗೇಣು ಹಗ್ಗಾನೂ ಸಾಹೇಬರು ನಿಮ್ಮಿಂದ ತಗೊಳ್ಳಲ್ಲಮ್ಮಾ.”

“ತಗೊಳ್ಳೋದು ಬಿಡೋದು ಅವರಿಷ್ಟ. ಜೈಲಿನ ಬಾವಿಗೆ ಹಗ್ಗ ಬೇಕಾದ್ರೆ ಮಾತ್ರ ಬಾ. ಅದನ್ನ ಹೊಸೆದುಕೊಡ್ತೀನಿ. ಆ ಹಮಾಲಿಯೂ ಅದೇ ನೀರು ಕುಡೀತಾನೆ ಅಂತ ನನಗೆ ಗೊತ್ತು. ಗೊತ್ತಿದ್ದೇ ಹೇಳ್ತಿದೀನಿ.”

“ಅದಕ್ಕೆ ನಾನು ನಾರು ಬಿಡಲ್ಲ,” ಎಂದಳು ಸೊಸೆ ತಟ್ಟನೆ.

“ಬಿಡಬೇಡ,” ಎಂದಳು ಹಗ್ಗದಮ್ಮ. “ನಿನ್ನನ್ನ ಕೇಳಿದೆನಾ? ಭುಜ ನೋವಿಲ್ಲದವರು ಯಾರಾದ್ರೂ ಸಿಗ್ತಾರೆ.”

ಗುಂಪಿನಲ್ಲಿ ಯಾರೋ ನಕ್ಕರು. ಕಮ್ಮಾರ ತನ್ನ ಭುಜ ನೋಡಿಕೊಂಡು, ಬಟ್ಟೆ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. ಗುಮಾಸ್ತ ಕಾಗದವನ್ನು ಫೈಲಿಗೆ ಸೇರಿಸಿ ಜೈಲಿನ ಗೋಡೆಯ ಕಡೆ ನಡೆದ. ಎರಡು ಸಲ ನಿಂತು ಫೈಲು ತೆಗೆದು ಓದಿಕೊಂಡದ್ದು ಚಪ್ಪರದಿಂದಲೇ ಕಾಣಿಸಿತು.

ಜನ ಚದುರುವ ಮೊದಲೇ ಸೊಸೆ ಸೊಂಟಕ್ಕೆ ಕಂತೆ ಸುತ್ತಿಕೊಂಡಳು. ನಿನ್ನೆ ಆ ಹಗ್ಗಕ್ಕೆಂದು ಆರಿಸಿ ಬಾಚಿಟ್ಟ ನಾರೇ ಅದು. ದೋಣಿಯವನ ಹಗ್ಗದ ಕೆಲಸ ಬಾಕಿಯಿತ್ತು. ಹಗ್ಗದಮ್ಮ ಮಣೆಯ ಮೇಲೆ ಕೂತು ಹಿಡಿ ಹಿಡಿದಳು. ಎಂದಿಗಿಂತ ಜೋರಾಗಿ, ಹಿಂದಿನ ಬೀದಿಯ ಗೋಡೆಯಾಚೆಗೂ ಕೇಳುವ ಹಾಗೆ ಕೂಗಿದಳು:

“ಏನೆತ್ತೋಕೆ?”

“ದೋಣಿ!” ಎಂದು ಸೊಸೆ ಅಷ್ಟೇ ಜೋರಾಗಿ ಕೂಗಿ, ಮೊದಲ ಹೆಜ್ಜೆ ಹಿಂದಕ್ಕಿಟ್ಟಳು. “ನೀರಿಂದ ದಡಕ್ಕೆ.”